ಊರಿಗೆ ಹೋಗಿ ಕಾಗದ ಬರೀತೀವಿ

ಇತ್ತೀಚೆಗೆ ಓದಿದ್ದರಲ್ಲಿ ಅತ್ಯಂತ ನೀರಸವಾದ ಗದ್ಯ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಹತ್ರ ಉತ್ತರ ರೆಡಿ ಇದೆ. ಅಮೆರಿಕದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ಸೀಟಿಗೆ ಇಂಟರ್‌ವ್ಯೂ ಕೊಟ್ಟ ಡಾಕ್ಟರುಗಳು, ಇಂಟರ್‌ವ್ಯೂ ಮುಗಿದ ಮೇಲೆ ಆ ಆಸ್ಪತ್ರೆಗೆ ಬರೆಯುವ ಮೇಲ್. ಅದಕ್ಕಿಂತ ನೀರಸವಾದದ್ದು ಒಂದೇ ಒಂದಿದೆ: ಆಸ್ಪತ್ರೆಯವರು ಅದಕ್ಕೆ ಕೊಡುವ ಉತ್ತರ.

2024ರ ಮ್ಯಾಚ್‌ಗೆ ನನ್ನ ತಂಗಿ ಅರ್ಜಿ ಹಾಕಿದ್ದಳು. ಇಲ್ಲೇ ಎಂಬಿಬಿಎಸ್ ಮುಗಿಸಿದವಳು. ಅವಳೂ ಅವಳ ಜತೆ ಪರೀಕ್ಷೆಗೆ ಓದಿದ ನಾಲ್ವರೂ ಸೇರಿ ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡ್ಕೊಂಡಿದ್ದರು. ನಾನು ಬೆಂಗಳೂರಿನಲ್ಲಿ ಟೆಕ್ನಿಕಲ್ ರೈಟರ್. ಸಾಫ್ಟ್‌ವೇರ್ ಹೇಗೆ ಬಳಸಬೇಕು ಅಂತ ಇಂಗ್ಲಿಷಿನಲ್ಲಿ ಬರೆಯೋದು ನನ್ನ ಹೊಟ್ಟೆಪಾಡು. ಹಾಗಾಗಿ "ಇಂಗ್ಲಿಷ್ ಸ್ವಲ್ಪ ನೋಡ್ಕೊಡು" ಅನ್ನೋ ಕೆಲಸ ನನ್ನ ತಲೆಗೆ ಬಂತು. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, ಡ್ರಾಫ್ಟುಗಳೂ ಸೇರಿ ಎಪ್ಪತ್ತು ಮೇಲ್ ಆದರೂ ಓದಿರಬೇಕು. ಇಷ್ಟು ಓದಿದ ಮೇಲೆ ಅದರ ಬಗ್ಗೆ ನಾಲ್ಕು ಮಾತು ಹೇಳೋ ಹಕ್ಕು ನನಗಿದೆ ಅಂದ್ಕೊಂಡಿದೀನಿ.

ಡಾಕ್ಟರಲ್ಲದವರಿಗೆ ಸ್ವಲ್ಪ ಹಿನ್ನೆಲೆ ಬೇಕು. ನಮ್ಮಲ್ಲಿ ಎಂಬಿಬಿಎಸ್ ಆದಮೇಲೆ ಪಿಜಿ ಸೀಟು ಬೇಕಾದರೆ ನೀಟ್ ಬರೆಯಬೇಕು, ರ‍್ಯಾಂಕ್ ಬರುತ್ತೆ, ಆಮೇಲೆ ಕೆಇಎ ಅಥವಾ ಕೇಂದ್ರದ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ. ಸಿಇಟಿ ಬರೆದು ಎಂಜಿನಿಯರ್ ಆದ ನಮಗೆಲ್ಲ ಗೊತ್ತಿರೋ ಸರ್ಕಸ್ಸೇ. ಅಲ್ಲಿ ನೀವು ಒಳ್ಳೆಯವರಾ, ಕೆಟ್ಟವರಾ, ನಿಮಗೆ ನಾಯಿ ಇಷ್ಟವಾ ಅಂತ ಯಾರೂ ಕೇಳಲ್ಲ. ನಂಬರ್ ಮಾತಾಡುತ್ತೆ. ಅಮೆರಿಕದಲ್ಲಿ ಹಾಗಲ್ಲ. ಸೆಪ್ಟೆಂಬರ್‌ನಲ್ಲಿ ಅರ್ಜಿ, ಅಕ್ಟೋಬರ್‌ನಿಂದ ಜನವರಿವರೆಗೆ ಇಂಟರ್‌ವ್ಯೂ. ಕೋವಿಡ್ ಬಂದ 2020ರಿಂದ ಬಹುಪಾಲು ಜೂಮ್‌ನಲ್ಲೇ. ಆಮೇಲೆ ಅಭ್ಯರ್ಥಿ ತನಗೆ ಬೇಕಾದ ಆಸ್ಪತ್ರೆಗಳನ್ನ ಒಂದು, ಎರಡು, ಮೂರು ಅಂತ ಬರೆದು ಕೊಡಬೇಕು. ಆಸ್ಪತ್ರೆಯೂ ತನಗೆ ಬೇಕಾದ ಅಭ್ಯರ್ಥಿಗಳನ್ನ ಹಾಗೇ ಬರೆದು ಕೊಡಬೇಕು. ಎರಡನ್ನೂ ಕಂಪ್ಯೂಟರ್‌ಗೆ ಹಾಕಿ ಜೋಡಿ ಮಾಡ್ತಾರೆ. ಮಾರ್ಚ್ ಮೂರನೆಯ ಶುಕ್ರವಾರ ಫಲಿತಾಂಶ. ಬಂದ ಸೀಟು ಬಂದ ಹಾಗೆ, ಒಲ್ಲೆ ಅನ್ನೋ ಹಾಗಿಲ್ಲ.

ಇಂಟರ್‌ವ್ಯೂ ಮುಗಿದದ್ದಕ್ಕೂ ಪಟ್ಟಿ ಸಲ್ಲಿಸೋದಕ್ಕೂ ನಡುವೆ ವಾರಗಟ್ಟಲೆ ಮೌನ. ಆ ಮೌನದಲ್ಲಿ ಹುಟ್ಟಿದ್ದು ಈ ಸಾಹಿತ್ಯ.

ಇದರಲ್ಲಿ ಎಲ್ಲಕ್ಕಿಂತ ಸಾಧು ಪ್ರಾಣಿ ಥ್ಯಾಂಕ್ ಯೂ ಮೇಲ್. ಇಂಟರ್‌ವ್ಯೂ ಆಗಿ ಒಂದೆರಡು ದಿನದೊಳಗೆ ಹೋಗಬೇಕು ಅನ್ನೋದು ಅಲಿಖಿತ ನಿಯಮ. ಎಪ್ಪತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಕನ್ನಡದಲ್ಲಿ ಹೇಳೋದಾದರೆ ಹೀಗಿರುತ್ತೆ: ನಿಮ್ಮ ಪ್ರೋಗ್ರಾಮ್ ಬಗ್ಗೆ ತಿಳಿಯುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ, ಅದರಲ್ಲೂ ನೀವು ಡ್ಯಾಶ್ ಬಗ್ಗೆ ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ, ಅಲ್ಲಿನ ಕುಟುಂಬದಂಥ ವಾತಾವರಣ ನನಗೆ ತುಂಬ ಹಿಡಿಸಿತು. ಆ ಡ್ಯಾಶ್ ಇದೆಯಲ್ಲ, ಇಡೀ ಮೇಲ್‌ನ ಜೀವ ಅಲ್ಲಿರಬೇಕು. ನಾನು ನಿಜವಾಗಿ ಕೇಳಿಸ್ಕೊಂಡೆ, ಇದು ಕಾಪಿ ಅಲ್ಲ ಅಂತ ತೋರಿಸೋ ಜಾಗ ಅದು. ತಂಗಿಯ ಗುಂಪಿನ ಇಬ್ಬರಿಗೆ ಒಂದೇ ಆಸ್ಪತ್ರೆಯಲ್ಲಿ ಇಂಟರ್‌ವ್ಯೂ ಇತ್ತು. ಅಲ್ಲಿನ ಡೈರೆಕ್ಟರ್ ಮಾತಿನ ಮಧ್ಯೆ ತಮ್ಮ ನಾಯಿಯ ವಿಷಯ ಹೇಳಿದ್ದರಂತೆ. ಇಬ್ಬರ ಮೇಲ್‌ನಲ್ಲೂ ಡ್ಯಾಶ್ ಇದ್ದ ಕಡೆ ಆ ನಾಯಿ ಬಂದು ಕೂತಿತ್ತು. ಆ ದಿನ ಆ ಡೈರೆಕ್ಟರ್ ಜತೆ ಮಾತಾಡಿದ ಬೇರೆಯವರ ಮೇಲ್‌ನಲ್ಲೂ ಅದು ಬಾಲ ಅಲ್ಲಾಡಿಸಿರುತ್ತೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಸಿದ್ಧ ನುಡಿಗಟ್ಟು ಇದ್ದರೆ ತಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮ ಹಳೇ ಕಾಗದಗಳೂ ಹಾಗೇ ಶುರುವಾಗ್ತಿದ್ದವು, "ಉಭಯ ಕುಶಲೋಪರಿ ಸಾಂಪ್ರತ" ಅಂತ. ನಮ್ಮಜ್ಜನ ತಲೆಮಾರಿನ ಎಷ್ಟು ಜನಕ್ಕೆ ಅದರ ಪದಶಃ ಅರ್ಥ ಗೊತ್ತಿತ್ತೋ ಇಲ್ಲವೋ. ಆದರೆ ಅದು ಬಾಗಿಲು ತಟ್ಟೋ ಸದ್ದು. ತಟ್ಟಿದ ಮೇಲೆ ಒಳಗೆ ಬಂದು ವಿಷಯ ಹೇಳ್ತಿದ್ದರು: ಹಸು ಕರು ಹಾಕಿದೆ, ಚಿಕ್ಕಪ್ಪನಿಗೆ ಹುಷಾರಿಲ್ಲ, ಇನ್ನೂರು ರೂಪಾಯಿ ಕಳಿಸಿ. ಥ್ಯಾಂಕ್ ಯೂ ಮೇಲ್ ಬಾಗಿಲು ತಟ್ಟುತ್ತೆ, ತಟ್ಟುತ್ತೆ, ತಟ್ಟಿ ಹೊರಟುಹೋಗುತ್ತೆ.

ಬೇರೆ ಯಾವುದೇ ಕೆಲಸದಲ್ಲಿ ಇಂಟರ್‌ವ್ಯೂ ಆದಮೇಲೆ ಬರೆಯೋ ಮೇಲ್‌ಗೆ ಏನಾದರೂ ಸರಕು ಇರುತ್ತೆ. ಸಂಬಳ ಇಷ್ಟು ಬೇಕು, ನೋಟಿಸ್ ಪೀರಿಯಡ್ ಅರವತ್ತು ದಿನ, ಬೇರೆ ಕಡೆ ಆಫರ್ ಇದೆ. ರೆಸಿಡೆನ್ಸಿಯಲ್ಲಿ ಇದ್ಯಾವುದೂ ನಡೆಯಲ್ಲ. ಸಂಬಳ ಆಸ್ಪತ್ರೆ ನಿಗದಿ ಮಾಡಿದ್ದು, ಚೌಕಾಸಿ ಇಲ್ಲ. (ಈ ವ್ಯವಸ್ಥೆಯೇ ಸಂಬಳವನ್ನ ಕೆಳಗೆ ಒತ್ತಿ ಹಿಡಿದಿದೆ ಅಂತ 2002ರಲ್ಲಿ ಕೆಲವು ಡಾಕ್ಟರುಗಳು ಕೋರ್ಟಿಗೆ ಹೋಗಿದ್ದರು. 2004ರಲ್ಲಿ ಅಮೆರಿಕದ ಸಂಸತ್ತು ಬೇರೊಂದು ಕಾನೂನಿನ ಜತೆಗೇ ಮ್ಯಾಚ್‌ಗೆ ರಕ್ಷಣೆ ಕೊಟ್ಟುಬಿಟ್ಟಿತು. ಅದು ಇನ್ನೊಂದು ಅಂಕಣದ ಕತೆ.) ಸೇರೋ ತಿಂಗಳೂ ನಿಗದಿ. ವ್ಯವಹಾರವನ್ನೆಲ್ಲ ತೆಗೆದುಹಾಕಿದ ಮೇಲೆ ಬರೆಯೋಕೆ ಉಳಿಯೋದು ಏನು? ಪ್ರೀತಿ. ಅದನ್ನೇ ಬರೀತಾರೆ.

ಹಾಗೆ ಬರೆಯೋದರ ಪರಾಕಾಷ್ಠೆ ಫೆಬ್ರವರಿಯ ಲೆಟರ್ ಆಫ್ ಇಂಟೆಂಟ್. "ನನ್ನ ಪಟ್ಟಿಯಲ್ಲಿ ನಿಮಗೇ ಮೊದಲ ಸ್ಥಾನ" ಅನ್ನೋ ಪತ್ರ. ಇದರ ತಮ್ಮ ಲೆಟರ್ ಆಫ್ ಇಂಟರೆಸ್ಟ್. ಅದರಲ್ಲಿ ಮೊದಲ ಸ್ಥಾನ ಅಂತ ಇರಲ್ಲ, "ತುಂಬಾ ಮೇಲೆ ಇಡ್ತೀನಿ" ಅಂತ ಇರುತ್ತೆ. ಓದೋ ಡೈರೆಕ್ಟರ್‌ಗೆ ವ್ಯಾಕರಣ ಗೊತ್ತು. ಒಂದನೇದು ಅಂತ ಇಲ್ಲ ಅಂದರೆ ಒಂದನೇದಲ್ಲ. ಅಂದರೆ, ನಾಲ್ಕು ಪ್ಯಾರಾ ಪ್ರೀತಿ ಸುರಿಸಿದ ಆ ಪತ್ರ ತಲುಪಿಸೋ ಒಂದೇ ಸುದ್ದಿ "ನೀವು ನನ್ನ ಎರಡನೇ ಆಯ್ಕೆ, ಮೂರನೆಯದೂ ಇರಬಹುದು" ಅನ್ನೋದು! ಯಾರೋ ಒಬ್ಬರು ಮೊದಲ ಬಾರಿ "ನೀವೇ ನಂಬರ್ ಒನ್" ಅಂತ ಬರೆದ ದಿನ ಉಳಿದ ಎಲ್ಲ ಮಾತುಗಳ ಬೆಲೆಯೂ ಬಿತ್ತು. ಸುಮ್ಮನಿದ್ದವರ ಮೌನಕ್ಕೂ ಒಂದು ಅರ್ಥ ಬಂದುಬಿಟ್ಟಿತು.

ಹೀಗಾಗಿ ಎರಡು ಆಸ್ಪತ್ರೆಗೂ "ನೀವೇ ನಂಬರ್ ಒನ್" ಅಂತ ಬರೆಯೋ ಆಸೆ ಬರುತ್ತೆ. ಫೋಲ್ಡರ್‌ನಲ್ಲಿ "ನಂಬರ್ ಒನ್ ಫೈನಲ್ 2" ಅಂತ ಒಂದು ಫೈಲ್ ಇತ್ತು. ಯಾರದ್ದು ಅಂತ ಹೇಳಲ್ಲ. ಮ್ಯಾಚ್ ನಡೆಸೋ ಸಂಸ್ಥೆ ಎನ್‌ಆರ್‌ಎಂಪಿ ನಿಯಮದ ಪ್ರಕಾರ ಇಬ್ಬರೂ ಸ್ವ ಇಚ್ಛೆಯಿಂದ ಆಸಕ್ತಿ ಹೇಳ್ಕೋಬಹುದು. "ನಮ್ಮನ್ನ ಎಷ್ಟನೇ ಜಾಗದಲ್ಲಿಟ್ಟಿದೀರಿ" ಅಂತ ಆಸ್ಪತ್ರೆ ಕೇಳೋ ಹಾಗಿಲ್ಲ. ಪತ್ರದಲ್ಲಿ ಹೇಳಿದ್ದು ಯಾರನ್ನೂ ಕಟ್ಟಿಹಾಕಲ್ಲ, ಸಲ್ಲಿಸಿದ ಪಟ್ಟಿಯೊಂದೇ ಲೆಕ್ಕ. ಸುಳ್ಳು ಹೇಳಿ ಅಂತ ಯಾರೂ ಹೇಳಿಲ್ಲ. ಹೇಳಿದರೆ ಸಿಕ್ಕಿಬೀಳದ ಹಾಗಂತೂ ಇದೆ.

ನನಗೆ ಸಿಟ್ಟು ಬರೋದು ಯಾಕೆ ಅಂದರೆ, ಈ ಮ್ಯಾಚ್ ಅನ್ನೋದನ್ನ ಕಟ್ಟಿದ್ದೇ ಇಂಥ ಪತ್ರಗಳ ಕಾಟ ತಪ್ಪಲಿ ಅಂತ. 1940ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ವಿದ್ಯಾರ್ಥಿಗಳನ್ನ ಹಿಡಿಯೋಕೆ ಒಂದರ ಮೇಲೊಂದು ಬಿದ್ದು ಓಡ್ತಿದ್ದವು. ಕೋರ್ಸ್ ಮುಗಿಯೋಕೆ ಎರಡು ವರ್ಷ ಇರುವಾಗಲೇ ಆಫರ್. 1945ರಲ್ಲಿ ಆಫರ್ ಬಂದರೆ ಯೋಚನೆ ಮಾಡೋಕೆ ಹತ್ತು ದಿನ ಕೊಡೋದು ಅಂತ ಒಪ್ಪಂದ ಆಯ್ತು. ಆ ದಶಕ ಮುಗಿಯೋ ಹೊತ್ತಿಗೆ ಅದನ್ನ ಗಂಟೆಗಳಲ್ಲಿ ಎಣಿಸೋ ಹಾಗಾಗಿತ್ತು. ಟೆಲಿಗ್ರಾಂ ಕೈಯಲ್ಲಿ ಹಿಡ್ಕೊಂಡು, ಇದಕ್ಕಿಂತ ಒಳ್ಳೇದು ಸಂಜೆಯೊಳಗೆ ಬರುತ್ತಾ ಅಂತ ಕಾಯೋ ಪರಿಸ್ಥಿತಿ. ಅದು ಸಾಕಾಗಿ 1952ರಲ್ಲಿ ಮ್ಯಾಚ್ ಬಂತು. ಹತ್ತು ವರ್ಷದ ನಂತರ, 1962ರಲ್ಲಿ, ಗೇಲ್ ಮತ್ತು ಶಾಪ್ಲಿ ಅನ್ನೋ ಇಬ್ಬರು ಗಣಿತಜ್ಞರು ಇಂಥದ್ದೇ ಲೆಕ್ಕದ ಮೇಲೆ ಪ್ರಬಂಧ ಬರೆದರು. ಕಾಲೇಜು ಪ್ರವೇಶ ಮತ್ತು ಮದುವೆಗಳ ಸ್ಥಿರತೆ ಅದರ ವಿಷಯ. ಆಲ್ವಿನ್ ರಾತ್ ಅನ್ನೋ ಅರ್ಥಶಾಸ್ತ್ರಜ್ಞ ಇನ್ನೊಬ್ಬರ ಜತೆ ಸೇರಿ ಮ್ಯಾಚ್‌ನ ಲೆಕ್ಕಾಚಾರವನ್ನ ಆಸ್ಪತ್ರೆಯ ಕಡೆಯಿಂದ ಶುರುವಾಗೋ ಬದಲು ಅಭ್ಯರ್ಥಿಯ ಕಡೆಯಿಂದ ಶುರುವಾಗೋ ಹಾಗೆ ತಿದ್ದಿದರು. ಅದು 1998ರಿಂದ ಜಾರಿಗೆ ಬಂತು. 2012ರಲ್ಲಿ ರಾತ್ ಮತ್ತು ಶಾಪ್ಲಿಗೆ ಅರ್ಥಶಾಸ್ತ್ರದ ನೊಬೆಲ್.

ಲೆಕ್ಕ ಏನು? ಕಂಪ್ಯೂಟರ್ ನಿಮ್ಮನ್ನ ಮೊದಲು ನಿಮ್ಮ ಒಂದನೇ ಆಸ್ಪತ್ರೆಯಲ್ಲಿ ಕೂರಿಸೋಕೆ ನೋಡುತ್ತೆ. ಆಸ್ಪತ್ರೆಯ ಪಟ್ಟಿಯಲ್ಲಿ ನೀವಿದ್ದು, ಜಾಗವೂ ಇದ್ದರೆ, ಸದ್ಯಕ್ಕೆ ಕೂರಿಸುತ್ತೆ. ಆಮೇಲೆ ಆ ಆಸ್ಪತ್ರೆ ನಿಮಗಿಂತ ಮೇಲಿಟ್ಟ ಯಾರೋ ಬಂದು ಜಾಗ ಸಾಲದೆ ಹೋದರೆ ನಿಮ್ಮನ್ನ ಎಬ್ಬಿಸಿ ನಿಮ್ಮ ಎರಡನೇ ಆಸ್ಪತ್ರೆಗೆ ಕಳಿಸುತ್ತೆ. ಗಮನಿಸಬೇಕಾದ್ದು ಇದು: ಅಲ್ಲಿ ನೀವು ತಡವಾಗಿ ಬಂದಿರಿ ಅಂತ ಹಿಂದಕ್ಕೆ ತಳ್ಳಲ್ಲ. ಆ ಎರಡನೇ ಆಸ್ಪತ್ರೆ ತನ್ನ ಪಟ್ಟಿಯಲ್ಲಿ ನಿಮ್ಮನ್ನ ಮೇಲಿಟ್ಟಿದ್ದರೆ, ಮೊದಲೇ ಬಂದು ಕೂತವರನ್ನ ಎಬ್ಬಿಸಿ ನಿಮಗೆ ಕೊಡುತ್ತೆ. ಸರ್ಕಾರಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋ ಪದ್ಧತಿ ಈ ಬಸ್ಸಿನಲ್ಲಿ ಇಲ್ಲ. ಹಾಗಾಗಿ ಸಿಗಲಾರದ ಆಸ್ಪತ್ರೆಯನ್ನ ಮೊದಲು ಬರೆದರೂ ಏನೂ ನಷ್ಟ ಇಲ್ಲ. ಮನಸ್ಸಿನಲ್ಲಿರೋದನ್ನ ಇದ್ದ ಹಾಗೆ ಬರೆದರೆ ಸಾಕು. ನಿಜ ಹೇಳೋದಕ್ಕೆ ದಂಡ ಕಟ್ಟಬೇಕಾಗದ ವ್ಯವಸ್ಥೆ ಜಗತ್ತಿನಲ್ಲಿ ಎಷ್ಟಿವೆ ಹೇಳಿ? ಲೆಟರ್ ಆಫ್ ಇಂಟೆಂಟ್ ಅಂದರೆ ಇಂಥ ಬಸ್ಸಿನ ಕಿಟಕಿಯೊಳಗೆ ಎಸೆದ ಟವೆಲ್.

ಹಾಗಿದ್ದರೂ ಎಸೀತಾರೆ. ಯಾಕೆ? ಯಾಕೆಂದರೆ ಕಂಪ್ಯೂಟರ್‌ಗೆ ಟವೆಲ್ ಕಾಣದಿದ್ದರೂ ಡೈರೆಕ್ಟರ್‌ಗೆ ಕಾಣುತ್ತೆ. ಹತ್ತು ಸೀಟು ತುಂಬಿಸೋಕೆ ಪಟ್ಟಿಯಲ್ಲಿ ಎಷ್ಟು ಕೆಳಗೆ ಇಳಿಯಬೇಕಾಯ್ತು ಅನ್ನೋದು ಆಸ್ಪತ್ರೆಗಳಿಗೆ ಪ್ರತಿಷ್ಠೆಯ ಪ್ರಶ್ನೆ. ಮೊದಲ ಮೂವತ್ತರಲ್ಲೇ ತುಂಬಿತು ಅಂದರೆ ಹೆಮ್ಮೆ, ನೂರರವರೆಗೆ ಹೋಯಿತು ಅಂದರೆ ಮುಖ ಸಪ್ಪೆ. ಖಂಡಿತ ಬರ್ತೀನಿ ಅನ್ನೋರನ್ನ ಮೇಲಿಟ್ಟರೆ ಆ ಅಂಕಿ ಚೆನ್ನಾಗಿ ಕಾಣುತ್ತೆ. ಇದರಿಂದ ಆಸ್ಪತ್ರೆಗೆ ಒಳ್ಳೆಯ ಡಾಕ್ಟರ್ ಸಿಗ್ತಾರಾ ಅಂದರೆ ಇಲ್ಲ. ಖುಷಿಯಾಗಿ ಬರೋ ಡಾಕ್ಟರ್ ಸಿಗ್ತಾರೆ ಅಂತ ಕೆಲವರು ವಾದಿಸ್ತಾರೆ, ಅದರಲ್ಲಿ ಸ್ವಲ್ಪ ನಿಜ ಇರಲೂಬಹುದು. ಆದರೆ ಎಪ್ಪತ್ತು ಮೇಲ್ ಓದಿದವನಾಗಿ ಹೇಳ್ತೀನಿ, ಯಾರಿಗೆ ನಿಜವಾಗಿ ಇಷ್ಟ, ಯಾರು ಬರೀ ಬರೆದಿದ್ದಾರೆ ಅಂತ ಆ ಗದ್ಯದಿಂದ ಕಂಡುಹಿಡಿಯೋಕೆ ದೇವರಿಂದಲೂ ಆಗಲ್ಲ. ಚಾಟ್‌ಜಿಪಿಟಿ ಬಂದಮೇಲಂತೂ ಮುಗೀತು.

ಇನ್ನು ಆಸ್ಪತ್ರೆಯ ಉತ್ತರಗಳು. ನಮ್ಮ ಕಡೆ ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ಎದ್ದು ಹೊರಡುವಾಗ "ಊರಿಗೆ ಹೋಗಿ ಕಾಗದ ಬರೀತೀವಿ" ಅಂತಾರೆ. ಕೇಳಿಸ್ಕೊಂಡ ಎರಡು ವರ್ಷದ ಮಗುವಿಗೂ ಅದರರ್ಥ ಗೊತ್ತು. ಆ ವಾಕ್ಯದಲ್ಲಿ ಒಂದು ಮರ್ಯಾದೆ ಇದೆ, ಇಬ್ಬರಿಗೂ ಗೊತ್ತಿರೋ ಇಲ್ಲ ಅದು. ಯಾರೂ ಅಂಚೆಯವನನ್ನ ಕಾಯಲ್ಲ. ಆಸ್ಪತ್ರೆಯ ವಾಕ್ಯಗಳನ್ನ ನೋಡಿ: ನೀವು ನಮ್ಮ ಪ್ರೋಗ್ರಾಮ್‌ಗೆ ಅದ್ಭುತವಾಗಿ ಹೊಂದುತ್ತೀರಿ. ನಿಮ್ಮನ್ನ ತುಂಬ ಮೇಲೆ ಇಡ್ತಿದೀವಿ. ನೀವು "ರ‍್ಯಾಂಕ್ಡ್ ಟು ಮ್ಯಾಚ್". ಜುಲೈನಲ್ಲಿ ಸಿಗೋಣ ಅಂತ ಆಶಿಸ್ತೀವಿ. ಇದು ಹೌದೋ ಇಲ್ಲವೋ? ಬರೆದವರಿಗೂ ಗೊತ್ತಿರಬೇಕಿಲ್ಲ. ಆಶಿಸ್ತೀವಿ ಅಂತ ಒಂದು ಕ್ರಿಯಾಪದ ಹಾಕಿಬಿಟ್ಟರೆ ಹೊಣೆ ಮುಗೀತು. ಅತ್ತ ಓದೋಳು ರಾತ್ರಿ ಒಂದು ಗಂಟೆಗೆ ಆ ಒಂದು ಸಾಲಿನ ಸ್ಕ್ರೀನ್‌ಶಾಟ್ ತೆಗೆದು ಅಣ್ಣನಿಗೆ ಕಳಿಸಿ "ಇದರರ್ಥ ಏನಿರಬಹುದು" ಅಂತ ಕೇಳ್ತಾಳೆ. ನಾನು ವಾಕ್ಯ ಬಿಡಿಸಿ ಕೊಟ್ಟೆ. ಏನೂ ಅರ್ಥ ಇಲ್ಲ ಅಂದೆ. ನಂಬೋಕೆ ಅವಳಿಗೆ ಕಷ್ಟ ಆಯ್ತು.

ನನ್ನ ತಕರಾರು ಇರೋದು ಮುಖ್ಯವಾಗಿ ಈ ಉತ್ತರಗಳ ಮೇಲೇ. ಅಭ್ಯರ್ಥಿ ಬರೆಯೋ ಅತಿಶಯದ ಹಿಂದೆ ಭಯ ಇದೆ. ಆಸ್ಪತ್ರೆ ಬರೆಯೋ ಅತಿಶಯದ ಹಿಂದೆ ಏನೂ ಇಲ್ಲ. 2024ರಲ್ಲಿ 41,503 ಸೀಟುಗಳಿದ್ದವು. ಅಮೆರಿಕದಲ್ಲೇ ಎಂಡಿ ಓದಿದ ಕೊನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 93.5 ಜನಕ್ಕೆ ಸೀಟು ಸಿಕ್ಕಿತು. ಹೊರದೇಶದಲ್ಲಿ ಓದಿದ, ಅಮೆರಿಕದ ಪೌರತ್ವ ಇಲ್ಲದ ನಮ್ಮಂಥವರಲ್ಲಿ ಶೇ. 58.5. ಒಬ್ಬ ಅಮೆರಿಕನ್ ವಿದ್ಯಾರ್ಥಿಗೆ "ಆಶಿಸ್ತೀವಿ" ಅಂತ ಬಂದರೆ ಅದು ಸೌಜನ್ಯ. ನನ್ನ ತಂಗಿಗೆ ಬಂದಿದ್ದು ನಾಲ್ಕೇ ಇಂಟರ್‌ವ್ಯೂ. ಸೀಟು ಸಿಗದಿದ್ದರೆ ಮತ್ತೊಂದು ವರ್ಷ, ಮತ್ತೆ ಅರ್ಜಿಗಳ ಖರ್ಚು, ಓದು ಮುಗಿಸಿ ವರ್ಷ ಜಾಸ್ತಿ ಆದಷ್ಟೂ ಅರ್ಜಿ ಪಕ್ಕಕ್ಕಿಡೋ ಆಸ್ಪತ್ರೆಗಳು ಜಾಸ್ತಿ. ಅಂಥವಳ ಕೈಗೆ ಆ ಕ್ರಿಯಾಪದ ಕೊಟ್ಟರೆ ಅವಳು ಅದರ ಮೇಲೆ ಮನೆ ಕಟ್ಟುತ್ತಾಳೆ.

ಕಟ್ಟಿದ್ದನ್ನ ನೋಡಿದೀನಿ. ಗುಂಪಿನ ಒಬ್ಬಾಕೆಗೆ ಒಂದು ಆಸ್ಪತ್ರೆಯಿಂದ ಫೆಬ್ರವರಿ ಮಧ್ಯದಲ್ಲಿ ಇಂಥ ಬೆಚ್ಚಗಿನ ಮೇಲ್ ಬಂತು. ಅವಳ ಪಟ್ಟಿಯಲ್ಲಿ ಅದು ಎರಡನೆಯದು. "ಇಷ್ಟು ಹೇಳಿದಾರೆ, ಮೇಲೆ ಹಾಕದಿದ್ದರೆ ಕೈ ತಪ್ಪಿದರೆ?" ಅಂತ ಅದನ್ನ ಒಂದಕ್ಕೆ ತಂದಳು. ಅವರ ಪ್ರೀತಿ ಅವರ ಪಟ್ಟಿಯಲ್ಲಿ ಇದ್ದೇ ಇರುತ್ತೆ, ನಿನ್ನದನ್ನ ಬದಲಾಯಿಸಿದರೆ ಅದು ಜಾಸ್ತಿ ಆಗಲ್ಲ ಅಂತ ತಂಗಿ ವಾದ ಮಾಡಿದಳು. ಕೇಳಲಿಲ್ಲ. ಅವಳಿಗೆ ಅಲ್ಲೇ ಸಿಕ್ಕಿತು. ಚೆನ್ನಾಗಿಯೇ ಇದ್ದಾಳೆ. ಮೊದಲು ಬರೆದಿದ್ದ ಊರಿನಲ್ಲಿ ಅವಳ ಗಂಡ ಕೆಲಸ ಮಾಡ್ತಾನೆ. ಇಬ್ಬರ ನಡುವೆ ಈಗ ನಾಲ್ಕು ಗಂಟೆಯ ವಿಮಾನ. ಆ ಆಸ್ಪತ್ರೆ ಅವಳನ್ನ ತಗೋತಿತ್ತಾ ಅನ್ನೋದು ಯಾರಿಗೂ ಗೊತ್ತಾಗಲ್ಲ. ಆಸ್ಪತ್ರೆಗಳ ಪಟ್ಟಿ ಅಭ್ಯರ್ಥಿಗೆ ತೋರಿಸಲ್ಲ.

"ಒಂದು ಮೇಲ್ ಬರೆದರೆ ನಷ್ಟ ಏನು" ಅಂತ ಕೇಳೋರಿಗೆ ಇನ್ನೊಂದು ಮಾತು. ಈ ಮೇಲ್ ಪರೀಕ್ಷೆ ಮಾಡೋದು ವೈದ್ಯಕೀಯವನ್ನಲ್ಲ, ಒಂದು ಥರದ ಇಂಗ್ಲಿಷನ್ನ. ಬೆಚ್ಚಗಿರಬೇಕು, ಬಿಸಿ ಇರಬಾರದು. ಆಸೆ ಕಾಣಬೇಕು, ಆತುರ ಕಾಣಬಾರದು. "ರೆಸ್ಪೆಕ್ಟೆಡ್ ಸರ್", "ಎಸ್ಟೀಮ್ಡ್ ಇನ್‌ಸ್ಟಿಟ್ಯೂಷನ್" ಅಂತ ಬರೆದರೆ ಅಲ್ಲಿನವರ ಕಿವಿಗೆ ಅದು ಅಂಗಲಾಚಿದ ಹಾಗೆ ಕೇಳುತ್ತೆ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ರಜಾ ಅರ್ಜಿ ಬರೆದು ಕಲಿತ ಇಂಗ್ಲಿಷ್ ಅದು, ಅದರಲ್ಲಿ ಗೌರವ ಬಿಟ್ಟು ಬೇರೇನೂ ಇಲ್ಲ. ಐವರಲ್ಲಿ ಅತ್ಯಂತ ಚುರುಕಾದ ಡಾಕ್ಟರ್ ಅಂತ ತಂಗಿ ಹೇಳೋ ಹುಡುಗನ ಮೇಲ್‌ಗಳಲ್ಲಿ ನಾನು ಅತಿ ಹೆಚ್ಚು ತಿದ್ದಬೇಕಾಯ್ತು. ಅಣ್ಣನೋ ಅಕ್ಕನೋ ಟೆಕ್ನಿಕಲ್ ರೈಟರ್ ಅಲ್ಲದವರು ಏನು ಮಾಡ್ತಾರೆ?

ಎಪ್ಪತ್ತರಲ್ಲಿ ಒಳ್ಳೇದು ಒಂದೂ ಇರಲಿಲ್ವಾ? ಇತ್ತು. ಅದನ್ನ ನಾನು ಒಂದಕ್ಷರ ಮುಟ್ಟಲಿಲ್ಲ. ಗುಂಪಿನ ಇನ್ನೊಬ್ಬಳದ್ದು, ಆರು ವಾಕ್ಯ. ಸ್ಟೆಪ್ 3 ಪರೀಕ್ಷೆಯ ಫಲಿತಾಂಶ ಬಂದಿದೆ, ಪಾಸಾಗಿದೀನಿ. ನೀವು ಎಚ್-1ಬಿ ವೀಸಾ ಕೊಡೋದಾದರೆ ಈಗ ನನ್ನನ್ನ ಅದಕ್ಕೆ ಪರಿಗಣಿಸಬಹುದು. ಇಂಟರ್‌ವ್ಯೂ ದಿನ ಇದು ಗೊತ್ತಿರಲಿಲ್ಲ. ದಾಖಲೆ ಜತೆಗಿದೆ. ನಮಸ್ಕಾರ. ಎಚ್-1ಬಿಗೆ ಸ್ಟೆಪ್ 3 ಆಗಿರಲೇಬೇಕು, ಹಾಗಾಗಿ ಇದು ಆಸ್ಪತ್ರೆಗೆ ಬೇಕಾದ ಸುದ್ದಿ. ಹಸು ಕರು ಹಾಕಿದೆ ಅನ್ನೋ ಜಾತಿಯ ಪತ್ರ. ಓದಿದವರಿಗೆ ಓದೋ ಮುಂಚೆ ಗೊತ್ತಿಲ್ಲದ್ದು ಓದಿದ ಮೇಲೆ ಗೊತ್ತಾಯ್ತು. ಇಂಟರ್‌ವ್ಯೂ ಆದಮೇಲೆ ಬರೆಯಲೇಬೇಕಾದ ಕಾರಣ ಇದ್ದರೆ ಇಂಥದ್ದು. ಇಂಥ ಕಾರಣ ಇಲ್ಲದಿದ್ದರೆ ಬರೆಯಬೇಡಿ ಅಂತ ಅಭ್ಯರ್ಥಿಗೆ ಹೇಳೋ ಧೈರ್ಯ ನನಗಿಲ್ಲ, ಎಲ್ಲರೂ ಬರೀತಿರುವಾಗ ಒಬ್ಬಳು ಸುಮ್ಮನಿರೋದು ಹೇಗೆ. ಅದನ್ನ ಹೇಳಬೇಕಾದವರು ಆಸ್ಪತ್ರೆಯವರು. ಕೆಲವು ಆಸ್ಪತ್ರೆಗಳು ಇಂಟರ್‌ವ್ಯೂ ದಿನವೇ ಹೇಳ್ತಾವೆ: ದಯವಿಟ್ಟು ಬರೆಯಬೇಡಿ, ನಾವೂ ಬರೆಯಲ್ಲ, ಬರೆದರೂ ಪಟ್ಟಿ ಬದಲಾಗಲ್ಲ. ಈ ಇಡೀ ಸಾಹಿತ್ಯದಲ್ಲಿ ನನಗೆ ಸಿಕ್ಕ ಅತ್ಯುತ್ತಮ ವಾಕ್ಯ ಅದು.

ತಂಗಿ ಲೆಟರ್ ಆಫ್ ಇಂಟೆಂಟ್ ಒಂದೇ ಬರೆದಳು, ನಿಜವಾಗಿ ಒಂದನೇ ಜಾಗದಲ್ಲಿಟ್ಟ ಆಸ್ಪತ್ರೆಗೆ. ಅಲ್ಲಿಂದಲೇ "ಜುಲೈನಲ್ಲಿ ಸಿಗೋಣ" ಬಂದದ್ದು. ಸಿಗಲಿಲ್ಲ. ಸೀಟು ಬಂದದ್ದು ಮೂರನೆಯದರಲ್ಲಿ, ಬರೆಯಬೇಡಿ ಅಂತ ಹೇಳಿದ್ದ ಆಸ್ಪತ್ರೆಯಲ್ಲಿ. ಅವಳು ಅಲ್ಲಿಗೆ ಒಂದಕ್ಷರ ಬರೆದಿರಲಿಲ್ಲ.

ಈಗ ಹೊಸ ಅಭ್ಯರ್ಥಿಗಳು ಬಂದಾಗ ಜೂಮ್‌ನಲ್ಲಿ ರೆಸಿಡೆಂಟ್‌ಗಳ ಜತೆ ಅರ್ಧ ಗಂಟೆ ಹರಟೆ ಇರುತ್ತೆ, ಅದರಲ್ಲಿ ಅವಳೂ ಕೂರ್ತಾಳೆ. ಕೊನೆಯ ಸ್ಲೈಡ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಡಿ ಅಂತ ಇದ್ದರೂ ಮೇಲ್ ಬರುತ್ತಂತೆ. ಹೆಚ್ಚಿನದಕ್ಕೆ ಅವಳು ಉತ್ತರ ಕೊಡಲ್ಲ. ಮೊನ್ನೆ ಒಂದಕ್ಕೆ ಕೊಟ್ಟಳಂತೆ. ರಾತ್ರಿ ಡ್ಯೂಟಿ ಮುಗಿದ ಮೇಲೆ ಕಾರಿಲ್ಲದವರು ಮನೆಗೆ ಹೇಗೆ ಹೋಗ್ತಾರೆ ಅಂತ ಒಬ್ಬಳು ಕೇಳಿದ್ದಳು. ಇವಳು ಬಸ್ ನಂಬರ್ ಕಳಿಸಿದಳು, ಭಾನುವಾರ ಅದು ಏಳೂವರೆಗೆ ಮುಂಚೆ ಇಲ್ಲ ಅಂತಲೂ ಸೇರಿಸಿ.